ಒತ್ತು ಬಾರದ ಹದಿನೇಳು ದಿನ

ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಹನುಮಂತನಗರದವರೆಗೆ ಲ್ಯಾಪ್‌ಟಾಪಿನ ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು ಆಟೋದಲ್ಲಿ ಬಂದೆ. ಟೌನ್‌ಹಾಲ್ ಹತ್ತಿರ ಮಳೆ ಹಿಡಿಯಿತು. ಸೆರಗನ್ನು ತಲೆಗೆ ಹಾಕಿಕೊಳ್ಳಲಿಲ್ಲ, ಡಬ್ಬಕ್ಕೆ ಹೊದಿಸಿದೆ. 48,500 ರೂಪಾಯಿ ಕೊಟ್ಟಿದ್ದೆ. ನನ್ನದು ಕರಡು ತಿದ್ದುವ ಕೆಲಸ, ಜೊತೆಗೆ ಅಷ್ಟಿಷ್ಟು ಅನುವಾದ. ಪುಟಕ್ಕೆ ಇಷ್ಟು ಎಂದು ಕೂಲಿ. ಆ ದುಡ್ಡು ಎಷ್ಟು ಪುಟವಾಗುತ್ತದೆ ಎಂದು ಆಟೋದಲ್ಲಿ ಕೂತು ಲೆಕ್ಕ ಹಾಕಲು ಹೋಗಿ, ಅರ್ಧಕ್ಕೇ ಬಿಟ್ಟೆ. ಒಂಬತ್ತು ವರ್ಷ ದುಡಿದ ಹಳೆಯ ಲ್ಯಾಪ್‌ಟಾಪಿನ ಕೀಲು ಮುರಿದು, ಪರದೆಯನ್ನು ಗೋಡೆಗೆ ಒರಗಿಸಿ ಕೆಲಸ ಮಾಡುವ ಸ್ಥಿತಿ ಬಂದಿತ್ತು. ಬೇರೆ ದಾರಿ ಇರಲಿಲ್ಲ.

ರಾತ್ರಿ ಊಟ ಮುಗಿಸಿ, ಕನ್ನಡ ಟೈಪ್ ಮಾಡುವ 'ನುಡಿ' ತಂತ್ರಾಂಶ ಹಾಕಿಕೊಂಡು, ಅರ್ಧ ತಿದ್ದಿದ್ದ ಕಾದಂಬರಿಯ ಫೈಲ್ ತೆರೆದೆ. ಅಜ್ಜಿಯೊಬ್ಬಳು ನಡುಮನೆಯಲ್ಲಿ ಮಜ್ಜಿಗೆ ಕಡೆಯುವ ಭಾಗ. ಲೇಖಕರು ಕೈಬರಹದಲ್ಲಿ ಸೇರಿಸಿದ್ದ ನಾಲ್ಕು ಸಾಲನ್ನು ನೋಡಿಕೊಂಡು ಟೈಪ್ ಮಾಡಿ ತಲೆಯೆತ್ತಿದರೆ, ಪರದೆಯ ಮೇಲೆ 'ಅಜಜಿ'ಯೊಬ್ಬಳು 'ಮಜಜಿಗೆ' ಕಡೆಯುತ್ತಿದ್ದಾಳೆ. ಕೈತಪ್ಪು ಎಂದುಕೊಂಡು ಅಳಿಸಿ ಮತ್ತೆ ಹೊಡೆದೆ. ಈ ಸಲ ಅಜ್ಜಿ ಸರಿಯಾಗಿ ಬಂದಳು, ಮಜ್ಜಿಗೆ ಬರಲಿಲ್ಲ.

ಎಫ್ ಕೀ ಕೆಟ್ಟಿತ್ತು. ಪೂರ್ತಿ ಕೆಟ್ಟಿದ್ದರೆ ಒಂದು ಥರ. ನಾಲ್ಕು ಸಲ ಒತ್ತಿದರೆ ಒಂದು ಸಲ ಕೇಳುತ್ತಿತ್ತು, ಅದೂ ಅದರ ಮನಸ್ಸಿಗೆ ಬಂದಾಗ.

ಇಂಗ್ಲಿಷಿನಲ್ಲಿ ಮಾತ್ರ ಟೈಪ್ ಮಾಡುವವರಿಗೆ ಇದೊಂದು ಸಣ್ಣ ಕಿರಿಕಿರಿ ಅನ್ನಿಸಬಹುದು. ನುಡಿಯಲ್ಲಿ ಟೈಪ್ ಮಾಡುವವರಿಗೆ ಎಫ್ ಅಂದರೆ ಎಫ್ ಅಲ್ಲ. ಕೆ.ಪಿ. ರಾವ್ ಅವರು ರೂಪಿಸಿದ, ಮುಂದೆ ಕರ್ನಾಟಕ ಸರ್ಕಾರ ಶಿಷ್ಟವೆಂದು ಒಪ್ಪಿಕೊಂಡ, ಕನ್ನಡ ಗಣಕ ಪರಿಷತ್ತಿನ ನುಡಿಯ ಮೂಲಕ ಮನೆಮನೆಗೆ ಬಂದ ಕೀಲಿಮಣೆಯಲ್ಲಿ ಇಪ್ಪತ್ತಾರೇ ಕೀಗಳಲ್ಲಿ ಇಡೀ ವರ್ಣಮಾಲೆ ಕೂತಿದೆ. ಕೆ ಒತ್ತಿದರೆ ಕ, ಶಿಫ್ಟ್ ಹಿಡಿದು ಒತ್ತಿದರೆ ಖ. ಇಂಗ್ಲಿಷಿನ ಯಾವ ಅಕ್ಷರಗಳಿಗೆ ನಮ್ಮಲ್ಲಿ ಸಮನಾದ ದನಿ ಇಲ್ಲವೋ ಅವಕ್ಕೆ ಬೇರೆ ಕೆಲಸ ಕೊಟ್ಟಿದ್ದಾರೆ: ಕ್ಯೂ ಒತ್ತಿದರೆ ಟ, ಡಬ್ಲ್ಯು ಒತ್ತಿದರೆ ಡ, ಎಕ್ಸ್ ಒತ್ತಿದರೆ ಷ. ಎಫ್‌ಗೆ ಸಿಕ್ಕಿದ್ದು ಎಲ್ಲಕ್ಕಿಂತ ದೊಡ್ಡ ಕೆಲಸ. ಹಿಂದಿನ ಅಕ್ಷರದಲ್ಲಿರುವ ಅಕಾರವನ್ನು ಅದು ಕಿತ್ತುಹಾಕುತ್ತದೆ. ಕ ಆದಮೇಲೆ ಎಫ್ ಒತ್ತಿದರೆ ಕ್. ಅದರ ಮೇಲೆ ಇನ್ನೊಂದು ಕ ಒತ್ತಿದರೆ ಕ್ಕ. ಕಂಪ್ಯೂಟರಿನ ಹೊಟ್ಟೆಯಲ್ಲಿ ಒತ್ತಕ್ಷರ ಎಂಬ ವಸ್ತುವೇ ಇಲ್ಲ. ಅಕ್ಷರ, ಅರ್ಧ ಮಾಡುವ ಚಿಹ್ನೆ, ಮತ್ತೊಂದು ಅಕ್ಷರ, ಇಷ್ಟೇ ಅದು ಇಟ್ಟುಕೊಳ್ಳುವುದು. ಕೆಳಗೆ ಇಳಿಸಿ ಒತ್ತಾಗಿ ತೋರಿಸುವುದು ಫಾಂಟಿನ ಕೆಲಸ.

ಹಾಗಾಗಿ 'ಕನ್ನಡ' ಎನ್ನಲು ಒಂದು ಎಫ್ ಬೇಕು. 'ರಾಷ್ಟ್ರ' ಎನ್ನಲು ಎರಡು. 'ಸ್ವಾತಂತ್ರ್ಯ' ಬೇಕೆಂದರೆ ಮೂರು. ಬಸ್, ಬಿಲ್, ಫೋನ್ ಎಂದು ವ್ಯಂಜನದಲ್ಲಿ ನಿಲ್ಲುವ ಪದಗಳಿಗೂ ಅದೇ ಗತಿ. ಆ ವಾರ ನಾನು ಒಬ್ಬ ಪ್ರಕಾಶಕರಿಗೆ 'ಬಿಲ ಕಳಿಸಿದ್ದೇನೆ' ಎಂದು ಬರೆದುಬಿಟ್ಟೆ. ಹಾವಿದೆಯಾ ಇಲಿಯಾ ಎಂದು ಅವರು ಫೋನ್ ಮಾಡಿ ಕೇಳಿದರು.

ಅಪ್ಪ ತಾಲ್ಲೂಕು ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದರು. ಆ ಕಬ್ಬಿಣದ ಯಂತ್ರದಲ್ಲಿ ಒತ್ತುಗಳ ಅಚ್ಚು ಬೇರೆಯೇ ಇರುತ್ತಿತ್ತು. ಒಂದು ಮುರಿದರೆ ಒಂದೇ ಒತ್ತು ಹೋಗುತ್ತಿತ್ತು, ಅದನ್ನು ಪೆನ್ನಿನಲ್ಲಿ ಬರೆದು ಸಾಹೇಬರ ಸಹಿಗೆ ಕಳಿಸುತ್ತಿದ್ದರು. ನನ್ನ ಯಂತ್ರ ಎಷ್ಟೋ ಪಾಲು ಜಾಣ. ಎಲ್ಲ ಒತ್ತನ್ನೂ ಒಂದೇ ಗೂಟಕ್ಕೆ ಕಟ್ಟಿತ್ತು.

ಸೋಮವಾರ ಅಂಗಡಿಗೆ ಹೋದೆ.

"ಯಾವ್ ಕೀ ಮೇಡಂ? ಎಫ್ಫಾ? ಅದೇನ್ ಅಷ್ಟು ಬೇಕಾಗಲ್ಲ ಬಿಡಿ," ಎಂದರು ಅಂಗಡಿಯವರು. ಕಂಟ್ರೋಲ್ ಹಿಡಿದು ಹುಡುಕುವುದಕ್ಕೆ ತಾನೆ, ಅದು ಮೌಸಿನಲ್ಲೂ ಆಗುತ್ತದೆ ಎಂಬ ಸಮಾಧಾನ ಬೇರೆ. ನಾನು ಬದಲಾಯಿಸಿ ಕೊಡಿ ಎಂದೆ. ಸೀಲ್ ಒಡೆದ ಮೇಲೆ ನಮ್ಮದೇನೂ ಇಲ್ಲ, ಕಂಪನಿಗೆ ಫೋನ್ ಮಾಡಿ ಎಂದರು. ಬಿಲ್ಲಿನ ತಳದಲ್ಲಿ ಇರುವೆ ಸಾಲಿನ ಹಾಗೆ ಅಚ್ಚಾಗಿದ್ದ ಇಂಗ್ಲಿಷ್ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದರು: ಒಮ್ಮೆ ಮಾರಿದ ಸರಕು ವಾಪಸಿಲ್ಲ.

ಆ ಸಾಲಿಗೆ ನಾವು ಹೆದರಿಕೊಂಡಷ್ಟು ಬೆಲೆ ಇಲ್ಲ ಎಂದು ನನಗೆ ಆಮೇಲೆ ತಿಳಿಯಿತು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಹೇಳುವುದು ಹೀಗೆ: ದೋಷವಿರುವ ವಸ್ತುವನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿಯೇ ನಮೂದಾಗಿರದಿದ್ದರೆ 30 ದಿನದೊಳಗೆ, ವಾಪಸು ತೆಗೆದುಕೊಂಡು ಹಣ ಕೊಡಲು ನಿರಾಕರಿಸುವುದು ಅನುಚಿತ ವ್ಯಾಪಾರ ಪದ್ಧತಿ. ಬಣ್ಣ ಹಿಡಿಸಲಿಲ್ಲ, ಮನಸ್ಸು ಬದಲಾಯಿತು ಎಂದರೆ ಆಗದು, ವಸ್ತುವಿನಲ್ಲೇ ದೋಷವಿರಬೇಕು. ಐದು ಲಕ್ಷ ರೂಪಾಯಿವರೆಗಿನ ಖರೀದಿಗೆ ಜಿಲ್ಲಾ ಆಯೋಗದಲ್ಲಿ ದೂರಿನ ಶುಲ್ಕವೂ ಇಲ್ಲ. ಇದೆಲ್ಲ ಸೋಮವಾರವೇ ಗೊತ್ತಿದ್ದರೆ ಅಂಗಡಿಯಲ್ಲಿ ಇನ್ನೊಂದು ಹತ್ತು ನಿಮಿಷ ನಿಲ್ಲುತ್ತಿದ್ದೆನೋ ಏನೋ. ಗೊತ್ತಿರಲಿಲ್ಲ. ಅವಮಾನವಾದವಳ ಹಾಗೆ ಡಬ್ಬ ಎತ್ತಿಕೊಂಡು ಬಂದೆ.

ಕಂಪನಿಯ ಸಹಾಯವಾಣಿಗೆ ಫೋನ್ ಹಚ್ಚಿದರೆ, 'ಕನ್ನಡಕ್ಕಾಗಿ ಮೂರನ್ನು ಒತ್ತಿ' ಎಂದಿತು ಧ್ವನಿ. ಒತ್ತಿದೆ. ಕನ್ನಡಕ್ಕಾಗಿ ಅದನ್ನೇ ತಾನೆ ಎರಡು ದಿನದಿಂದ ಮಾಡುತ್ತಿದ್ದೇನೆ. ಆಚೆ ಬದಿಯ ಹುಡುಗಿ ಒಳ್ಳೆಯವಳು. ಆದರೆ ಅವಳ ಮುಂದಿದ್ದ ಪಟ್ಟಿಯಲ್ಲಿ ಇದ್ದದ್ದನ್ನೆಲ್ಲ ನನ್ನಿಂದ ಮಾಡಿಸಲೇಬೇಕಿತ್ತು. ಆಫ್ ಮಾಡಿ ಆನ್ ಮಾಡಿದ್ದಾಯಿತು. ಡ್ರೈವರ್ ತೆಗೆದು ಮತ್ತೆ ಹಾಕಿದ್ದಾಯಿತು. ಕೊನೆಗೆ ವಿಂಡೋಸ್ ಶುರುವಾಗುವ ಮುಂಚೆ ಬರುವ ಪರೀಕ್ಷೆಯ ಪರದೆಗೆ ಹೋಗಿ ಅಲ್ಲಿ ಒತ್ತಿ ನೋಡಿ ಎಂದಳು. ಅಲ್ಲೂ ಎಫ್ ತಪ್ಪಿತು. ಹಾಗಾದರೆ ತಂತ್ರಾಂಶದ ತಪ್ಪಲ್ಲ, ಯಂತ್ರದ್ದೇ ಎಂದು ಆಕೆ ಒಪ್ಪಿದಳು. ಮೇಲ್ ಮಾಡಿ ಎಂದಳು.

ಇಲ್ಲಿ ಇನ್ನೊಂದು ತಮಾಷೆ ಕಾದಿತ್ತು. ಇಂಗ್ಲಿಷಿನಲ್ಲಿ ಎಫ್ ಅಷ್ಟು ಬೇಕಾಗಲ್ಲ ಎಂದರಲ್ಲ ಅಂಗಡಿಯವರು, ದೂರು ಬರೆಯಲು ಕೂತು ನೋಡಿ: ಡಿಫೆಕ್ಟ್, ಫಾಲ್ಟ್, ರಿಫಂಡ್, ಎಲ್ಲಕ್ಕೂ ಎಫ್ ಬೇಕು. ಎಫ್ ಕೀ ಕೆಟ್ಟಿದೆ ಎಂದು ಹೇಳುವುದಕ್ಕೂ ಎಫ್ ಬೇಕು. ನನ್ನ ಪಾಸ್‌ವರ್ಡಿನಲ್ಲೂ ಒಂದು ಎಫ್ ಇತ್ತು. ದಿನಾ ಬೆಳಿಗ್ಗೆ ನನ್ನದೇ ಲ್ಯಾಪ್‌ಟಾಪಿನ ಹೊರಗೆ ನಿಂತು, ಪರದೆಯ ಮೇಲೆ ತೆರೆದುಕೊಳ್ಳುವ ಕೀಬೋರ್ಡಿನಲ್ಲಿ ಮೌಸಿನಿಂದ ಆ ಒಂದಕ್ಷರ ಚುಚ್ಚಿ ಒಳಗೆ ಹೋಗುತ್ತಿದ್ದೆ.

ಸಿಟ್ಟಿಗೋ ಹಟಕ್ಕೋ, ಒತ್ತೇ ಇಲ್ಲದ ಕನ್ನಡದಲ್ಲಿ ಒಂದು ದೂರು ಬರೆಯಲು ಕೂತೆ. ಅರ್ಧ ಗಂಟೆ ಹಿಡಿಯಿತು.

'ಮಾನನೀಯರೇ, ನಾನು ಹೋದ ವಾರ ಕೊಂಡ ಗಣಕದ ಒಂದು ಕೀಲಿ ಹಾಳಾಗಿದೆ. ಹೇಗೆ ಅದುಮಿದರೂ ಏನೂ ಮೂಡದು. ಹೀಗಾದರೆ ನಾನು ದುಡಿಯುವುದು ಹೇಗೆ? ಬೇಗ ಬಂದು ಸರಿಪಡಿಸಿರಿ. ಆಗದು ಎಂದಾದರೆ ಬೇರೆಯದು ಕೊಡಿರಿ. ತಡವಾದರೆ ಸಹಿಸೆ.'

ಓದಿ ನೋಡಿದರೆ ಯಾವುದೋ ಕಾಲದ ಕನ್ನಡದ ಹಾಗೆ ಕೇಳಿಸಿತು. ಯಾಕೆ ಹಾಗಾಯಿತು ಎಂದು ಯೋಚಿಸುತ್ತಾ ಕೂತಾಗ ಆ ರಾತ್ರಿಯ ನಿದ್ದೆ ಹೋಯಿತು, ಆದರೆ ಬೇಸರವಾಗಲಿಲ್ಲ. 'ಇಲ್ಲ', 'ಅಲ್ಲ' ಎರಡೂ ಒತ್ತಿನವು. ಅವು ಕೈಬಿಟ್ಟರೆ ನಿರಾಕರಿಸಲು ಉಳಿಯುವುದು ಮೂಡದು, ಆಗದು, ಸಹಿಸೆ, ಬಾರೆ ಎಂಬ ಹಳೆಯ ರೂಪಗಳೇ. 'ಮಾಡುತ್ತೇನೆ' ಹೋಯಿತು, 'ಮಾಡುವೆ' ಉಳಿಯಿತು. 'ಮಾಡಿದ್ದೇನೆ' ಹೋಯಿತು, 'ಮಾಡಿದೆ' ಉಳಿಯಿತು. ಅಂದರೆ ನಡೆಯುತ್ತಿರುವುದನ್ನು ಹೇಳುವ ನಮ್ಮ ದಿನಬಳಕೆಯ ರೂಪ ಪೂರ್ತಿ ಆ ಒಂದು ಒತ್ತಿನ ಮೇಲೆ ನಿಂತಿದೆ. 'ಮನೆಯಲ್ಲಿ' ಆಗದು, 'ಮನೆಯೊಳಗೆ' ಎನ್ನಬೇಕು. ಮನೆಗೆ ಹೋಗಬಹುದು, ಮರಕ್ಕೆ ಹತ್ತಲಾಗದು. 'ನಾನು' ಇದ್ದೇನೆ, 'ನನ್ನ' ಅನ್ನುವುದೊಂದೂ ಇಲ್ಲ. 'ನಮ್ಮ', 'ನಿಮ್ಮ' ಕೂಡ ಇಲ್ಲ. ಅನುಭಾವಿಗಳು ಇಷ್ಟಪಡುವಂಥ ವ್ಯಾಕರಣ.

ಬಂಧುಬಳಗವೆಲ್ಲ ಒತ್ತಿನವರೇ: ಅಮ್ಮ, ಅಪ್ಪ, ಅಕ್ಕ, ಅಣ್ಣ, ತಮ್ಮ, ಅಜ್ಜ, ಅಜ್ಜಿ, ಅತ್ತೆ, ಚಿಕ್ಕಪ್ಪ, ದೊಡ್ಡಮ್ಮ. ಕೈಗೆ ಸಿಕ್ಕುವವರು ತಂಗಿ, ಮಾವ, ಭಾವ, ನಾದಿನಿ, ಸೊಸೆ. ಹುಟ್ಟಿದ ಮನೆಗಿಂತ ಸೇರಿದ ಮನೆಯೇ ಗಟ್ಟಿ ಎಂದು ಕೀಬೋರ್ಡು ತೀರ್ಮಾನ ಮಾಡಿದ ಹಾಗಿತ್ತು. ಅಡುಗೆಮನೆಯಲ್ಲಿ ಅಕ್ಕಿ, ಉಪ್ಪು, ಎಣ್ಣೆ, ಬೆಲ್ಲ, ತುಪ್ಪ ಒಂದೂ ಇಲ್ಲ, ರಾಗಿ ಇದೆ, ಮುದ್ದೆ ಮಾಡುವಂತಿಲ್ಲ, ಸಾರಿದೆ, ಅನ್ನವಿಲ್ಲ. ಊರುಗಳಲ್ಲಿ ಮೈಸೂರು, ಹಾಸನ, ಧಾರವಾಡ, ಕಲಬುರಗಿ ಬದುಕಿಕೊಂಡವು. ಹುಬ್ಬಳ್ಳಿಗೆ ಎರಡು ಪೆಟ್ಟು. ನಾನು ಹುಟ್ಟಿದ ಶಿವಮೊಗ್ಗಕ್ಕೆ ಒಂದು. ಸಂಸ್ಕೃತದಿಂದ ಬಂದ ಪದಗಳಿಗಾದರೆ ಹಳೆಯ ಕವಿಗಳು ತೋರಿಸಿದ ದಾರಿಯಿದೆ, ವರ್ಷವನ್ನು ವರುಷ, ಭಕ್ತಿಯನ್ನು ಭಕುತಿ ಎಂದು ಬಿಡಿಸಿಕೊಳ್ಳಬಹುದು. ಆದರೆ ಅಕ್ಕಿ, ಬೆಲ್ಲ, ಹಳ್ಳ, ಬೆಟ್ಟಗಳನ್ನು ಬಿಡಿಸುವುದು ಹೇಗೆ? ಒತ್ತು ಬಂದದ್ದೇ ಸಂಸ್ಕೃತದಿಂದ, ಅಚ್ಚ ಕನ್ನಡ ಸರಳ ಎಂದು ನಾನೂ ಎಲ್ಲೋ ನಂಬಿಕೊಂಡಿದ್ದೆ. 'ಅಚ್ಚ' ಎನ್ನುವುದಕ್ಕೇ ಒತ್ತು ಬೇಕೆಂದು ಗಮನಿಸಿರಲಿಲ್ಲ. (ಮಹಾಪ್ರಾಣಗಳು ಕನ್ನಡಕ್ಕೆ ಬೇಡ ಎಂದು ವಾದಿಸುವವರಿದ್ದಾರೆ. ಎಫ್ ಬದಲು ಶಿಫ್ಟ್ ಕೀ ಕೆಟ್ಟಿದ್ದರೆ ನಾನು ಆ ಪಕ್ಷ ಸೇರಿಬಿಡುತ್ತಿದ್ದೆ.)

ಮೇಲನ್ನು ಕೊನೆಗೆ ಫೋನಿನಿಂದ ಇಂಗ್ಲಿಷಿನಲ್ಲೇ ಕಳಿಸಿದೆ.

ಗುರುವಾರ ಎಂಜಿನಿಯರ್ ಬಂದ. ಬೆನ್ನಿಗೆ ಚೀಲ, ಕೈಯಲ್ಲಿ ಹೆಲ್ಮೆಟ್, ಇಪ್ಪತ್ತೈದರೊಳಗಿನ ಹುಡುಗ. ನೋಟ್‌ಪ್ಯಾಡ್ ತೆರೆದು ಎಫ್ ಕೀಯನ್ನು ಜೋರಾಗಿ ಹತ್ತು ಸಲ ಬಡಿದ. ಹತ್ತಕ್ಕೆ ಹತ್ತೂ ಬಂತು. ಡಾಕ್ಟರ ಮುಂದೆ ಕೂತಾಗ ಮಗುವಿನ ಜ್ವರ ಇಳಿಯುವ ಹಾಗೆ.

"ಬರ್ತಿದೆಯಲ್ಲ ಮೇಡಂ."

"ಹಾಗೆ ಬಡಿದರೆ ಬರತ್ತಪ್ಪ. ಮಾಮೂಲಿಯಾಗಿ ಬರೆಯೋವಾಗ ಬರಲ್ಲ. ನಿಮ್ಮೂರು ಯಾವುದು?"

"ಚನ್ನರಾಯಪಟ್ಟಣ."

"ಅದನ್ನೇ ಹೊಡಿ ನೋಡೋಣ, ಕನ್ನಡದಲ್ಲಿ."

ಅವನಿಗೆ ನುಡಿ ಗೊತ್ತಿರಲಿಲ್ಲ. ನಾನು ಒಂದೊಂದೇ ಕೀ ಹೇಳುತ್ತಾ ಹೋದೆ, ಅವನು ಮೆಲ್ಲಗೆ ಒತ್ತುತ್ತಾ ಹೋದ. ಪರದೆಯ ಮೇಲೆ 'ಚನನರಾಯಪಟಟಣ' ಮೂಡಿತು. ಅವನು ಒಂದು ಕ್ಷಣ ನೋಡಿ ಜೋರಾಗಿ ನಕ್ಕ. ಆಮೇಲೆ ಫೋನ್ ತೆಗೆದು ಫೋಟೋ ಹೊಡೆದುಕೊಂಡ, ಆಫೀಸಿಗೆ ಕಳಿಸಲು. ಕಂಪನಿಯ ಪರೀಕ್ಷೆಯಲ್ಲಿ ಪಾಸಾಗುವ ಕೀಬೋರ್ಡು ಚನ್ನರಾಯಪಟ್ಟಣದಲ್ಲಿ ಫೇಲಾಗಿತ್ತು.

ಕೀಯ ಕವಚ ಕಿತ್ತು ಒಳಗೇನಿದೆ ಎಂದು ತೋರಿಸಿದವನೂ ಅವನೇ. ಕತ್ತರಿಯ ಹಾಗೆ ಮಡಚುವ ಪ್ಲಾಸ್ಟಿಕ್ಕಿನ ಕಾಲುಗಳು, ನಡುವೆ ರಬ್ಬರಿನ ಗುಬುಟು, ಅದರ ಕೆಳಗೆ ತೆಳ್ಳನೆಯ ಹಾಳೆಗಳು. ಮೇಲಿನ ಹಾಳೆಯಲ್ಲೊಂದು ಗೆರೆ, ಕೆಳಗಿನದರಲ್ಲೊಂದು ಗೆರೆ. ಒತ್ತಿದಾಗ ಎರಡೂ ತಾಗಿದರೆ ಅಕ್ಷರ. ಗೆರೆಗಳು ಅಡ್ಡ ಉದ್ದ ಹೆಣೆದ ಬಲೆಯ ಹಾಗಿರುವುದರಿಂದ, ಒಂದು ಗೆರೆ ಕಡಿದರೆ ಸಾಲಾಗಿ ಹಲವು ಕೀಗಳು ಸಾಯುತ್ತವಂತೆ. ಒಂದೇ ಕೀ ತಪ್ಪುತ್ತಿದ್ದರೆ ಆ ತಾಗುವ ಜಾಗದಲ್ಲೇ ಏನೋ ಐಬು. "ರಬ್ಬರ್ ಸರಿಯಾಗಿ ಕೂತಿಲ್ಲ, ಇಲ್ಲಾಂದ್ರೆ ಧೂಳು," ಎಂದ. ಗಾಳಿ ಊದಿದ. ಒಂದು ದಿನ ಚೆನ್ನಾಗಿತ್ತು, ಮರುದಿನ ಮತ್ತೆ ಅದೇ ರಾಗ.

ಧೂಳಿನ ಮಾತಿಗೆ ಹೇಳುತ್ತೇನೆ. ಆಪಲ್ ಕಂಪನಿ 2015ರಲ್ಲಿ ಲ್ಯಾಪ್‌ಟಾಪನ್ನು ಇನ್ನಷ್ಟು ತೆಳ್ಳಗೆ ಮಾಡಲು ಹೋಗಿ 'ಚಿಟ್ಟೆ' ಎಂಬ ಹೆಸರಿನ ಹೊಸ ಬಗೆಯ ಕೀಗಳನ್ನು ತಂದಿತು. ಒಂದು ಕಣ ಧೂಳು ಹೊಕ್ಕರೂ ಕೀ ಕೆಲಸ ನಿಲ್ಲಿಸುತ್ತಿತ್ತು, ಇಲ್ಲವೇ ಒಂದೊತ್ತಿಗೆ ಎರಡಕ್ಷರ ಮೂಡಿಸುತ್ತಿತ್ತು. 2018ರಲ್ಲಿ ಪುಕ್ಕಟೆ ರಿಪೇರಿ ಘೋಷಿಸಿದರು, 2019ರ ಕೊನೆಯಿಂದ ಹಳೆಯ ಕತ್ತರಿ ಕಾಲಿಗೇ ಮರಳಿದರು, ಅಮೆರಿಕದ ಬಳಕೆದಾರರು ಹೂಡಿದ ಮೊಕದ್ದಮೆಯನ್ನು 2022ರಲ್ಲಿ 5 ಕೋಟಿ ಡಾಲರಿಗೆ ರಾಜಿ ಮಾಡಿಕೊಂಡರು. ಅಷ್ಟು ದುಡ್ಡಿನ ಯಂತ್ರ ಕೊಂಡವರಿಗೇ ಈ ಪಾಡು ಎಂದು ತಿಳಿದಾಗ ನನಗೆ ಸಮಾಧಾನವಾಯಿತು. ಒಳ್ಳೆಯ ಸಮಾಧಾನವೇನಲ್ಲ.

ಕೀಬೋರ್ಡು ಬದಲಾಯಿಸಬೇಕು, ಆದರೆ ಅದು ಬಿಡಿಯಾಗಿ ಬರುವುದಿಲ್ಲ ಎಂದರು. ಈಗಿನ ಎಷ್ಟೋ ಮಾದರಿಗಳಲ್ಲಿ ಕೀಬೋರ್ಡನ್ನು ಮೇಲಿನ ಕವಚಕ್ಕೇ ಬೆಸೆದಿರುತ್ತಾರೆ. ಒಂದು ಕೀ ಕೆಟ್ಟರೆ ಅಂಗೈ ಊರುವ ಜಾಗವೂ ಸೇರಿ ಇಡೀ ಮೇಲ್ಭಾಗ ಹೊಸದು ಬರಬೇಕು. ಆ ಭಾಗ ಸ್ಟಾಕಿನಲ್ಲಿಲ್ಲ. 'ಎರಡು ಮೂರು ದಿನ' ಎಂದರು. ನಾಲ್ಕು ದಿನವಾದ ಮೇಲೂ 'ಎರಡು ಮೂರು ದಿನ' ಎಂದರು.

ಈ ನಡುವೆ ಹೊಟ್ಟೆಪಾಡು ನಡೆಯಬೇಕಲ್ಲ. 'ಬರಹ' ತಂತ್ರಾಂಶ ಬಳಸು, ಅದರಲ್ಲಿ ಒತ್ತಿಗೆ ಎಫ್ ಬೇಡ ಎಂದು ಗೆಳತಿ ಹೇಳಿದಳು. ನಿಜ, ಶೇಷಾದ್ರಿ ವಾಸು ಅವರ ಬರಹ 1998ರಿಂದ ಎಷ್ಟೋ ಜನರಿಗೆ ಕನ್ನಡ ಟೈಪ್ ಮಾಡಲು ಕಲಿಸಿದೆ, ಅದರಲ್ಲಿ ವ್ಯಂಜನಗಳನ್ನು ಒಂದರ ಪಕ್ಕ ಒಂದು ಒತ್ತಿದರೆ ತಾವೇ ಒತ್ತಾಗುತ್ತವೆ. ಆದರೆ ಅಕಾರವಿರುವ ಪ್ರತಿ ಅಕ್ಷರಕ್ಕೂ ಎ ಒತ್ತಬೇಕು. ಅವರ ಕಷ್ಟ ಎ ಕೀ ಕೆಟ್ಟಾಗ. ವಿಂಡೋಸಿನೊಳಗೇ ಬರುವ ಇನ್‌ಸ್ಕ್ರಿಪ್ಟ್ ಎಂಬ ಕೀಲಿಮಣೆಯಲ್ಲಿ ಅರ್ಧ ಮಾಡುವ ಚಿಹ್ನೆ ಡಿ ಮೇಲಿದೆ. ಎರಡನ್ನೂ ಅರ್ಧರ್ಧ ದಿನ ಪ್ರಯತ್ನಿಸಿದೆ. ಇಪ್ಪತ್ತು ವರ್ಷ ಒಂದೇ ದಾರಿಯಲ್ಲಿ ನಡೆದ ಬೆರಳುಗಳು, ಸಗಣಿ ಹಾಕಲು ಕೂಡ ಪಕ್ಕಕ್ಕೆ ಸರಿಯದ ಎತ್ತಿನ ಹಾಗೆ, ಹಳೆಯ ಜಾಡಿಗೇ ಬಂದವು.

ಅಣ್ಣನ ಮಗ ಬಂದು, "ಅತ್ತೆ, ಕ್ಯಾಪ್ಸ್ ಲಾಕ್ ಯಾರಿಗೆ ಬೇಕು? ಅದನ್ನೇ ಎಫ್ ಮಾಡ್ತೀನಿ," ಎಂದು ಪವರ್‌ಟಾಯ್ಸ್ ಎಂಬ ಪುಕ್ಕಟೆ ತಂತ್ರಾಂಶ ಹಾಕಿ ಐದು ನಿಮಿಷದಲ್ಲಿ ಮುಗಿಸಿಕೊಟ್ಟ. ಈಗ ಒತ್ತೆಲ್ಲ ಕಿರುಬೆರಳಿನ ಪಾಲಾಯಿತು. ಎಫ್ ಮೇಲೆ ಜೆ ಮೇಲಿರುವಂಥದೇ ಒಂದು ಸಣ್ಣ ಉಬ್ಬಿದೆ, ನೋಡದೆಯೂ ತೋರುಬೆರಳು ಮನೆ ಸೇರಲೆಂದು. ಬೆರಳು ಆ ಉಬ್ಬನ್ನು ಮುಟ್ಟಿದ ಕೂಡಲೇ ತಾನಾಗಿ ಒತ್ತುತ್ತಿತ್ತು, ಬರಲಿಲ್ಲವೆಂದು ಕಿರುಬೆರಳೂ ಒತ್ತುತ್ತಿತ್ತು. ಎಫ್ ಆಗಲೇ ಎಚ್ಚರವಾಗಿ ಕೆಲಸ ಮಾಡಿದರೆ ಎರಡೆರಡು ಬಿದ್ದು, ಅಕ್ಕ 'ಅಕ್‌ಕ' ಆಗಿ ಒತ್ತು ಬಿಟ್ಟು ನಿಲ್ಲುತ್ತಿದ್ದಳು. ವಾರದ ಕೊನೆಗೆ ಎಡಗೈ ಕಿರುಬೆರಳಿಗೆ ಅಮ್ಮ ಎಣ್ಣೆ ಹಚ್ಚುವಷ್ಟಾಯಿತು.

ಹತ್ತನೇ ದಿನ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಬರೆಸಿದೆ. ಮೆಸೇಜಿನಲ್ಲಿ ಒಂದು ಸಂಖ್ಯೆ ಬಂತು. ಮೂರು ದಿನವಾದ ಮೇಲೆ ಸರ್ವಿಸ್ ಸೆಂಟರಿನವರು ತಾವಾಗಿಯೇ ಫೋನ್ ಮಾಡಿ ಪಾರ್ಟ್ ಬರುತ್ತಿದೆ ಎಂದರು. ದೂರಿನ ಬಿಸಿಯೋ, ಸರಕೇ ಬಂದಿತ್ತೋ, ಇಬ್ಬರೂ ತಮ್ಮದೇ ಪುಣ್ಯ ಎನ್ನಬಹುದು.

ಹದಿನೇಳನೇ ದಿನ ಅದೇ ಹುಡುಗ ಬಂದ. ಊಟದ ಮೇಜಿನ ಮೇಲೆ ಹಳೆಯ ಬೆಡ್‌ಶೀಟ್ ಹಾಸಿಕೊಟ್ಟೆ. ಸಣ್ಣ ಸಣ್ಣ ಸ್ಕ್ರೂಗಳನ್ನು ಬಿಚ್ಚಿ, ಯಾವುದು ಎಲ್ಲಿಯದೆಂದು ತಿಳಿಯಲು ಕಾಗದದ ಮೇಲೆ ಸಾಲಾಗಿ ಜೋಡಿಸಿಟ್ಟ. ಮುಕ್ಕಾಲು ಗಂಟೆ ಹಿಡಿಯಿತು. ಅಮ್ಮ ಕೊಟ್ಟ ಕಾಫಿ ಆರಿಹೋಯಿತು. ಮುಗಿದ ಮೇಲೆ ನಾನು ಹೇಳಿಕೊಡುವ ಮುಂಚೆಯೇ ತನ್ನ ಊರನ್ನು ತಾನೇ ಹೊಡೆದು ನೋಡಿದ. ಮೂರನೇ ಅಕ್ಷರಕ್ಕೆ ತಡವರಿಸಿದರೂ ಊರು ಸರಿಯಾಗಿ ಬಂತು. ಕಿತ್ತ ಮೇಲ್ಭಾಗವನ್ನು ಚೀಲಕ್ಕೆ ಹಾಕಿಕೊಳ್ಳುವಾಗ, ಆ ಎಫ್ ಕವಚ ಒಂದನ್ನು ಕೊಡ್ತೀಯೇನಪ್ಪ ಎಂದೆ.

"ಆಗಲ್ಲ ಮೇಡಂ, ಹಳೇ ಪಾರ್ಟ್ ಲೆಕ್ಕ ಒಪ್ಪಿಸ್ಬೇಕು."

ಕಾದಂಬರಿ ಕಳೆದ ತಿಂಗಳು ಅಚ್ಚಾಗಿ ಬಂತು. ಆ ಹದಿನೇಳು ದಿನ ನಾನು ಕೈಯಾಡಿಸಿದ ಅಧ್ಯಾಯಗಳನ್ನು ಮೂರು ಸಲ ನೋಡಿ ಕಳಿಸಿದ್ದೆ. ಮೊನ್ನೆ ಪ್ರತಿ ಕೈಗೆ ಬಂದಾಗ ಮೊದಲು ತೆರೆದದ್ದು ಆ ನಡುಮನೆಯ ಪುಟವನ್ನೇ. ಮಜ್ಜಿಗೆ ಸರಿಯಾಗಿದೆ. ಎರಡು ಪ್ಯಾರಾ ಕೆಳಗೆ, ಕಡೆಗೋಲು ತೊಳೆದಿಟ್ಟು ಜಗಲಿಗೆ ಬರುವಾಗ ಮಾತ್ರ ಅವಳು ಇನ್ನೂ ಅಜಜಿಯಾಗಿಯೇ ಇದ್ದಾಳೆ. ಲೇಖಕರು ಇನ್ನೂ ನೋಡಿಲ್ಲ.